ಈಶ್ವರಪ್ಪನವರಾಗಿ ನಡೆದ ಬಸವಂತಪ್ಪ

ಬಸವಂತಪ್ಪನಿಗೆ ಜಂಬ ಬಂದಿದೆ ಎಂದು ಬ್ರಿಸ್ಬೇನಿನ ಕನ್ನಡದವರು ಆಡಿಕೊಳ್ಳುತ್ತಿದ್ದಾರೆ. ಈ ಸಲ ಯುಗಾದಿಗೆ ಕನ್ನಡ ಕೂಟದವರು ಮೈಕನ್ನು ಅವನ ಮೂಗಿನ ಹತ್ತಿರವೇ ಹಿಡಿದರೂ "ಗಂಟಲು ಸರಿಯಿಲ್ಲ" ಎಂದು ಕೈಮುಗಿದು ಕೂತುಬಿಟ್ಟ. ದೀಪಾವಳಿಗೂ ಅವನ ಗಂಟಲು ಸರಿಯಿರಲಿಲ್ಲ, ರಾಜ್ಯೋತ್ಸವಕ್ಕೂ ಇರಲಿಲ್ಲ. "ಏನು ಆಂಟಿ, ನೀವೇ ಔಷಧಿ ಅಂಗಡಿಯವ್ರು, ಅವ್ರಿಗೊಂದು ಸಿರಪ್ ಕೊಡಬಾರ್ದಾ?" ಎಂದು ಯಾರೋ ನನ್ನನ್ನೇ ಕಿಚಾಯಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲದವರು ಸುಮ್ಮನಿರಬೇಕು. ಸುಮ್ಮನಿರುವುದು ನಮ್ಮವರಿಗೆ ಬರುವುದಿಲ್ಲ, ಆದ್ದರಿಂದ ಗೊತ್ತಿರುವ ನಾನು ಬರೆಯಬೇಕಾಗಿದೆ.

ನಾನು ಸುಲೋಚನಾ. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ನನ್ನದೊಂದು ಫಾರ್ಮಸಿ ಇದೆ. ಅದಕ್ಕೆ ಮೊದಲು ಬಹಳ ವರ್ಷ ಪರ್ತ್‌ನಲ್ಲಿದ್ದೆ. ಬ್ರಿಸ್ಬೇನಿಗೆ ಬಂದ ಹೊಸತರಲ್ಲಿ ನಮ್ಮ ಅಂಗಡಿಯ ಎದುರಿನ ಸರ್ವೋದಲ್ಲಿ, ಎಂದರೆ ಪೆಟ್ರೋಲ್ ಬಂಕಿನಲ್ಲಿ, ಕಾರಿಗೆ ಪೆಟ್ರೋಲು ಹಾಕಿ ಒಳಗೆ ಹೋದರೆ, ಕೌಂಟರಿನ ಹಿಂದಿದ್ದ ಮನುಷ್ಯ ನನ್ನ ಬ್ಯಾಡ್ಜಿನ ಮೇಲಿನ ಹೆಸರು ನೋಡಿ "ಯಾವೂರಕ್ಕ ನಿಮ್ದು?" ಎಂದ. ಅವನ ಪಕ್ಕದಲ್ಲಿ ರೋಮನ್ನರ ಸಮಾಧಿಗಳ ಮೇಲಿನ ದಪ್ಪ ಪುಸ್ತಕವೊಂದು ಬಿದ್ದಿತ್ತು. ಅವನೇ ಬಸವಂತಪ್ಪ.

ಎಲ್ಲರೂ ಕಂಪ್ಯೂಟರನ್ನೋ ಅಕೌಂಟ್ಸನ್ನೋ ಓದಲು ಬರುವ ಈ ದೇಶಕ್ಕೆ ಅವನು ದಾವಣಗೆರೆಯಿಂದ ಪ್ರಾಚೀನ ರೋಮಿನ ಚರಿತ್ರೆ ಓದಲು ಬಂದವನು. ಬ್ರಿಸ್ಬೇನಿನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಡಾಕ್ಟರೇಟು ಮಾಡಿದ. ಅಲ್ಲೇ ವರ್ಷ ವರ್ಷವೂ ತಾತ್ಕಾಲಿಕವಾಗಿ ಪಾಠ ಹೇಳಿದ. ಕಾಯಂ ಕೆಲಸ ಇವತ್ತು ಬರುತ್ತದೆ ನಾಳೆ ಬರುತ್ತದೆ ಎನ್ನುವುದರೊಳಗೆ ತಲೆ ನರೆಯಿತು. ಮದುವೆ ಆಗಲಿಲ್ಲ. ಪಾಠವಿಲ್ಲದ ಹೊತ್ತಿನಲ್ಲಿ ಸರ್ವೋ. "ಅಲ್ಲಯ್ಯಾ, ಎಲ್ಲಾ ಬಿಟ್ಟು ರೋಮ್ ಯಾಕೆ?" ಎಂದು ನಾನೊಮ್ಮೆ ಕೇಳಿದ್ದೆ.

"ನಮ್ಮವರ ಥರಾನೇ ಅಕ್ಕ ಅವ್ರು," ಎಂದ. "ಅಡುಗೆಮನೆ ಹತ್ರ ದೇವ್ರ ಗೂಡು. ದಿನಾ ಅದಕ್ಕೊಂದು ಚೂರು ನೈವೇದ್ಯ. ವರ್ಷಕ್ಕೊಂದ್ಸಲ ಸತ್ತವರಿಗೆ ಎಡೆ. ಮನೆ ಯಜಮಾನನ ಮುಂದೆ ಮಕ್ಕಳು ಗಪ್‌ಚಿಪ್. ಓದ್ತಾ ಓದ್ತಾ ನಮ್ಮಜ್ಜನ ಮನೆಗೆ ಹೋಗ್ಬಂದ ಹಾಗಾಗತ್ತೆ."

ಇಷ್ಟೇ ಆಗಿದ್ದರೆ ಅವನನ್ನು ಯಾರೂ ಗಮನಿಸುತ್ತಿರಲಿಲ್ಲವೇನೋ. ಆದರೆ ಬಸವಂತಪ್ಪನಿಗೆ ಒಂದು ವಿದ್ಯೆ ಇತ್ತು. ಯಾರನ್ನು ಒಂದು ಸಲ ನೋಡಿದರೂ ಸಾಕು, ಅವರ ಹಾಗೇ ನಡೆಯುತ್ತಿದ್ದ, ಕೆಮ್ಮುತ್ತಿದ್ದ, ಬೈಯುತ್ತಿದ್ದ. ಕೂಟದ ಅಧ್ಯಕ್ಷರು ಮಾಡುವ ವಂದನಾರ್ಪಣೆಯನ್ನು ಅಧ್ಯಕ್ಷರಿಗಿಂತ ಚೆನ್ನಾಗಿ ಮಾಡುತ್ತಿದ್ದ. ನಾನು ಗಿರಾಕಿಗಳಿಗೆ ಮಾತ್ರೆ ಕೊಡುತ್ತ ಬೈಯುವ ರೀತಿಯನ್ನು ಮಾಡಿ ತೋರಿಸಿದಾಗ ನಾನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ಅವನು ಅತ್ಯಂತ ಹೆಚ್ಚು ಬಾರಿ ಮಾಡಿ ತೋರಿಸಿದ್ದು ಡಾಕ್ಟರ್ ಈಶ್ವರಪ್ಪನವರನ್ನು. ಅವರೂ ದಾವಣಗೆರೆ ಕಡೆಯವರೇ, ಕಿಡ್ನಿ ಡಾಕ್ಟರು. ಆಗ ಬ್ರಿಸ್ಬೇನಿನಲ್ಲಿದ್ದರು. ಶನಿವಾರ ಬೆಳಗಾದರೆ ಅವರ ಮನೆ ತುಂಬ ಜನ. ಬಾಡಿಗೆ ಮನೆಗೆ ಶಿಫಾರಸು ಬೇಕಾದ ವಿದ್ಯಾರ್ಥಿಗಳು, ಜ್ವರ ಬಂದವರು, ಸುಮ್ಮನೆ ಮನೆಯ ನೆನಪಾಗಿ ಬಂದವರು. ಡಾಕ್ಟರ ಹೆಂಡತಿ ದಾಕ್ಷಾಯಣಿ ಎಲ್ಲರಿಗೂ ಉಪ್ಪಿಟ್ಟು ಹಾಕುತ್ತಿದ್ದರು. ರೋಮಿನಲ್ಲೂ ದೊಡ್ಡ ಮನುಷ್ಯರ ಬಾಗಿಲಿಗೆ ಬೆಳಗಿನ ಹೊತ್ತು ಹೀಗೇ ಜನ ಬಂದು ನಿಲ್ಲುತ್ತಿದ್ದರು, ನಮಸ್ಕಾರ ಹೇಳಿ, ಕಷ್ಟ ಹೇಳಿಕೊಂಡು, ಒಂದು ಬುಟ್ಟಿ ತಿಂಡಿ ಪಡೆದು ಹೋಗುತ್ತಿದ್ದರು ಎಂದು ಬಸವಂತಪ್ಪ ಹೇಳುತ್ತಿದ್ದ. ಈಶ್ವರಪ್ಪನವರಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ರೋಮಿನ ದೊಡ್ಡವರು ಹೆಸರು ಪಿಸುಗುಟ್ಟಲೆಂದೇ ಹಿಂದೆ ಒಬ್ಬ ಗುಲಾಮನನ್ನು ಇಟ್ಟುಕೊಳ್ಳುತ್ತಿದ್ದರಂತೆ. ಈಶ್ವರಪ್ಪನವರ ಹೆಗಲ ಹಿಂದೆ ನಿಂತು ಆ ಕೆಲಸವನ್ನು ಬಸವಂತಪ್ಪ ಮಾಡುತ್ತಿದ್ದ. ಡಾಕ್ಟರು "ಹೇಳ್ಬೇಡ, ಹೇಳ್ಬೇಡ, ನೆನಪಿದೆ" ಎನ್ನುತ್ತಲೇ ಕತ್ತು ಹಿಂದಕ್ಕೆ ವಾಲಿಸುತ್ತಿದ್ದರು.

ಅಂಥದೊಂದು ಶನಿವಾರವೇ ಅವನು ಆ ಶವಯಾತ್ರೆಯ ಕತೆ ಹೇಳಿದ್ದು. ನಾನೂ ಇದ್ದೆ. ರೋಮಿನ ದೊಡ್ಡವರು ಸತ್ತರೆ ಒಬ್ಬ ನಟನನ್ನು ಗೊತ್ತುಮಾಡುತ್ತಿದ್ದರಂತೆ. ಅವನು ಸತ್ತವನ ಮುಖವಾಡ ಹಾಕಿಕೊಂಡು ಅವನ ಹಾಗೇ ನಡೆದು, ಅವನ ಹಾಗೇ ಮಾತಾಡಬೇಕು. ತಮಾಷೆಯನ್ನೂ ಮಾಡಬಹುದು. ಜಿಪುಣನೆಂದು ಹೆಸರಾಗಿದ್ದ ಒಬ್ಬ ಚಕ್ರವರ್ತಿಯ ಶವಯಾತ್ರೆಯಲ್ಲಿ ನಟ ನಡುದಾರಿಯಲ್ಲಿ ನಿಂತು "ಈ ಮೆರವಣಿಗೆಗೆಲ್ಲ ಖರ್ಚೆಷ್ಟಾಯಿತು?" ಎಂದು ಕೇಳಿದನಂತೆ. ಲೆಕ್ಕ ಹೇಳಿದಾಗ, "ಅದರಲ್ಲಿ ಸ್ವಲ್ಪ ನನ್ನ ಕೈಗೆ ಕೊಟ್ಟು ನನ್ನನ್ನು ಹೊಳೆಗೆ ಎಸೆಯಿರಿ" ಎಂದನಂತೆ.

ಈಶ್ವರಪ್ಪನವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅಲ್ಲಾ ಕಣಯ್ಯಾ, ನಂಗೂ ಹಿಂಗೇ ಮಾಡು."

"ಬಿಡ್ತು ಅನ್ನಿ," ಎಂದು ದಾಕ್ಷಾಯಣಿ ಒಳಗಿನಿಂದಲೇ ಗದರಿದರು. ಡಾಕ್ಟರು ಬಿಡ್ತು ಅನ್ನಲಿಲ್ಲ.

ಕೆಲವು ವರ್ಷಗಳ ಮೇಲೆ ಈಶ್ವರಪ್ಪನವರು ಕೆಲಸ ಬದಲಿಸಿ ಅಡಿಲೇಡಿಗೆ, ಬೆಡ್‌ಫರ್ಡ್ ಪಾರ್ಕ್‌ನ ದೊಡ್ಡ ಆಸ್ಪತ್ರೆಗೆ ಹೋದರು. ಅವರ ಒಬ್ಬಳೇ ಮಗಳು ನಿಹಾರಿಕಾ ಎಂಜಿನಿಯರಿಂಗ್ ಮುಗಿಸಿ ಪರ್ತ್ ಸೇರಿಕೊಂಡಳು. ಪರ್ತ್‌ನಿಂದ ಗಣಿಗಳಿಗೆ ವಿಮಾನದಲ್ಲಿ ಹೋಗಿಬರುವ ಕೆಲಸ. ಹೋದ ವರ್ಷ ಚಳಿಗಾಲದಲ್ಲಿ ಈಶ್ವರಪ್ಪನವರಿಗೆ ಹೊಟ್ಟೆನೋವು ಬಂತು. ತಮ್ಮ ಸ್ಕ್ಯಾನನ್ನು ತಾವೇ ನೋಡಿದರು. ಮೇದೋಜೀರಕದ ಕ್ಯಾನ್ಸರು, ಮೈಯೆಲ್ಲ ಹಬ್ಬಿತ್ತು.

ಬಸವಂತಪ್ಪ ಸರ್ವೋಗೆ ರಜೆ ಹಾಕಿ ಅಡಿಲೇಡಿಗೆ ಹೋಗಿ ಅವರ ಮನೆಯಲ್ಲೇ ಉಳಿದ. ಅಲ್ಲಿ ನಡೆದದ್ದನ್ನೆಲ್ಲ ಅವನೇ ಆಮೇಲೆ ನನಗೆ ಹೇಳಿದ್ದು.

"ಆ ರೋಮಿನ ನಾಟಕ ನೆನಪಿದ್ಯಾ?" ಎಂದು ಒಂದು ದಿನ ಡಾಕ್ಟರು ಕೇಳಿದರು.

"ಅದೆಲ್ಲಾ ಯಾಕೀಗ ಡಾಕ್ಟ್ರೇ?"

"ಈಗಲ್ದೆ ಆಮೇಲೆ ಹೇಳಕ್ಕಾಗತ್ತೇನಯ್ಯಾ? ನೋಡು, ಸೂಟ್ ಹಾಕ್ಕೊಂಡು ಮೈಕ್ ಮುಂದೆ ನಿಂತು ನನ್ನ ಯಾರೂ ಹೊಗಳ್ಬಾರ್ದು. ನೀನು ನನ್ನ ಹಾಗೇ ನಡ್ಕೊಂಡ್ ಬಾ. ಎಲ್ರನ್ನೂ ಬೈದು ಕಳ್ಸು. ಆದ್ರೆ ಒಂದೇ ಒಂದು ಕಂಡೀಷನ್ನು. ನಾನು ಆಡದೇ ಇದ್ದ ಮಾತನ್ನ ನನ್ನ ಬಾಯಲ್ಲಿ ಇಡ್ಬೇಡ. ಮಾತು ಕೊಡು."

ಬಸವಂತಪ್ಪ ಅವರ ಕೈ ಮುಟ್ಟಿ ಮಾತು ಕೊಟ್ಟ.

ಗಣಿಯ ಪಾಳಿ ಮುಗಿದಾಗಲೆಲ್ಲ ನಿಹಾರಿಕಾ ಬರುತ್ತಿದ್ದಳು. ಅವಳು ಕೋಣೆಯೊಳಗೆ ಬಂದ ಕೂಡಲೇ ಅಪ್ಪ ದಿಂಬಿಗೆ ಒರಗಿ ನೆಟ್ಟಗೆ ಕೂರುತ್ತಿದ್ದರು. ನೋವು ಹೇಗಿದೆ ಎಂದು ಅವಳು ಇಂಗ್ಲಿಷಿನಲ್ಲಿ ಕೇಳುವಳು. ಪರವಾಗಿಲ್ಲ ಎಂದು ಅವರು ಇಂಗ್ಲಿಷಿನಲ್ಲಿ ಹೇಳುವರು. ಕಾರಿನ ಟಯರು ಬದಲಾಯಿಸಿದೆಯಾ ಎಂದು ಅವರು ಕೇಳುವರು. ಹೂಂ ಎನ್ನುವಳು. ಗುಡ್, ಗುಡ್. ಅಷ್ಟಕ್ಕೆ ಮಾತು ಮುಗಿದು ಅವಳು ಹಿತ್ತಿಲಿಗೆ ಹೋಗಿ ನಿಲ್ಲುವಳು. ಬಾಗಿಲು ಮುಚ್ಚಿತೋ ಇಲ್ಲವೋ, ಡಾಕ್ಟರು ಮತ್ತೆ ಕನ್ನಡಕ್ಕೆ ತಿರುಗಿ ಬಸವಂತಪ್ಪನನ್ನು ಗೋಳುಹೊಯ್ದುಕೊಳ್ಳಲು ಶುರು. ಬಾಗಿಲಾಚೆ ಅವಳಿಗೆ ನಗುವಿನ ಸದ್ದು ಕೇಳುತ್ತಿತ್ತು.

ಅವರು ತೀರಿಕೊಂಡ ಸುದ್ದಿ ಬಂದ ಮರುದಿನವೇ ನಾನು ಅಡಿಲೇಡಿಗೆ ಹೊರಟೆ. ಹೋಗುವ ಹೊತ್ತಿಗೆ ದಾಕ್ಷಾಯಣಿಗೂ ಬಸವಂತಪ್ಪನಿಗೂ ಮಾತು ಬಿಟ್ಟುಹೋಗಿತ್ತು. "ಹೆಣದ ಮುಂದೆ ಯಾರಾದ್ರೂ ಮಿಮಿಕ್ರಿ ಮಾಡ್ತಾರಾ ಬಸವಂತಪ್ಪನವ್ರೇ? ಅವ್ರಿಗಂತೂ ಬುದ್ಧಿ ಇರ್ಲಿಲ್ಲ, ನಿಮಗೂ ಇಲ್ವಾ?" ಎಂದು ದಾಕ್ಷಾಯಣಿ ಅತ್ತುಬಿಟ್ಟಿದ್ದರು. ನಾನೂ ಅವರ ಪಕ್ಷವೇ. ರೋಮನ್ನರು ಏನಾದರೂ ಮಾಡಿಕೊಳ್ಳಲಿ, ನಮ್ಮಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ ಎಂದು ಅವನಿಗೆ ಮುಖದ ಮೇಲೇ ಹೇಳಿದೆ. ಅವನು ತಲೆ ತಗ್ಗಿಸಿ ಕೂತಿದ್ದ. "ಮಾತು ಕೊಟ್ಬಿಟ್ಟಿದೀನಿ ಅಕ್ಕ," ಎಂದಷ್ಟೇ ಹೇಳಿದ.

ಮಣ್ಣು ಮಾಡುವ ದಿನ ಬೆಳಿಗ್ಗೆ ದಾಕ್ಷಾಯಣಿ ತಾವಾಗಿಯೇ ಅವನ ಹತ್ತಿರ ಬಂದರು. ಈಶ್ವರಪ್ಪನವರು ಜೇಬಿನಲ್ಲಿ ಕುಣಿಸುತ್ತಿದ್ದ ಬೀಗದ ಕೈ ಗೊಂಚಲನ್ನೂ, ಅವರು ಸದಾ ಕಾಲರಿನ ಸುತ್ತ ಸಿಕ್ಕಿಸಿಕೊಳ್ಳುತ್ತಿದ್ದ ಕರವಸ್ತ್ರಗಳಲ್ಲಿ ಒಂದನ್ನೂ ಅವನ ಕೈಯಲ್ಲಿಟ್ಟು ಒಳಗೆ ಹೋದರು.

ಅಂತ್ಯಸಂಸ್ಕಾರದ ಹಾಲ್ ನಮಗೆ ಸಿಕ್ಕಿದ್ದು ಒಂದೇ ಗಂಟೆಯ ಮಟ್ಟಿಗೆ. ಆಮೇಲೆ ಬೇರೆ ಯಾರದೋ ಶವ ಬರಬೇಕಿತ್ತು. ದಾವಣಗೆರೆಯಿಂದ ಅಯ್ಯನವರು ವಿಡಿಯೋದಲ್ಲಿ ಮಂತ್ರ ಹೇಳಿದರು. ಇಲ್ಲಿ ದಾಕ್ಷಾಯಣಿ ಡಾಕ್ಟರ ಹಣೆಗೆ ವಿಭೂತಿ ಹಚ್ಚಿದರು. ನಿಹಾರಿಕಾ ಮೊದಲ ಸಾಲಿನಲ್ಲಿ ಕಪ್ಪು ಕೋಟು ತೊಟ್ಟು ಕೂತಿದ್ದಳು. ಬಂದವರೆಲ್ಲರ ಕೈಕುಲುಕಿ ಥ್ಯಾಂಕ್ಯೂ ಹೇಳಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಎಷ್ಟು ಗಟ್ಟಿ ಹುಡುಗಿ ಎಂದು ನನ್ನ ಹಿಂದೆ ಯಾರೋ ಪಿಸುಗುಟ್ಟಿದರು.

ಆಗ ಹಿಂದಿನ ಬಾಗಿಲಲ್ಲಿ ಬೀಗದ ಕೈ ಗೊಂಚಲಿನ ಸದ್ದಾಯಿತು.

ಎಲ್ಲರೂ ಒಟ್ಟಿಗೆ ತಿರುಗಿದರು. ಬಲಹೆಗಲು ಒಂದಿಷ್ಟು ತಗ್ಗಿಸಿಕೊಂಡು, ಹೊಟ್ಟೆ ಮುಂದೆ ಬಿಟ್ಟು, ಕಾಲರಿಗೆ ಕರವಸ್ತ್ರ ಸಿಕ್ಕಿಸಿಕೊಂಡು, ಜೇಬಿನಲ್ಲಿ ಬೀಗದ ಕೈ ಕುಣಿಸುತ್ತ ಈಶ್ವರಪ್ಪನವರು ನಡೆದು ಬರುತ್ತಿದ್ದರು. ನಾನು ಸುಳ್ಳು ಹೇಳುತ್ತಿಲ್ಲ. ಪೆಟ್ಟಿಗೆಯ ಕಡೆ ನೋಡಿದೆ, ಅವರು ಅಲ್ಲೂ ಇದ್ದರು.

"ಅಲ್ಲಾ ಕಣಯ್ಯಾ," ಎಂದಿತು ಅವರದೇ ದನಿ, "ಕೆಲ್ಸದ ದಿವ್ಸ ಎಲ್ಲಾ ರಜಾ ಹಾಕ್ಕೊಂಡ್ ಬಂದು ಕೂತಿದೀರಲ್ಲ, ಪೇಷೆಂಟ್ ಯಾರು?"

ಯಾರೋ ನಕ್ಕರು. ನಕ್ಕವರೇ ಬಾಯಿಗೆ ಕೈ ಅಡ್ಡ ಹಿಡಿದು ಅತ್ತರು. ಅವನು ಸಾಲು ಸಾಲಾಗಿ ಬೈಯುತ್ತ ಬಂದ. ಒಬ್ಬನಿಗೆ ಸಿಗರೇಟು ಬಿಡು ಎಂದ, ಇನ್ನೊಬ್ಬನಿಗೆ ಬೆಲ್ಟು ಟೈಟಾಗಿದೆ ಎಂದ. ಎಲ್ಲವೂ ಈಶ್ವರಪ್ಪನವರು ಎಂದೋ ಅವರಿಗೆ ಆಡಿದ್ದ ಮಾತುಗಳೇ. ಎತ್ತರದ ಹುಡುಗನೊಬ್ಬನ ಮುಂದೆ ನಿಂತು "ನಿನ್ನ ಹೆಸ್ರು... ಹೇಳ್ಬೇಡ, ಹೇಳ್ಬೇಡ, ನೆನಪಿದೆ" ಎಂದು ಕತ್ತನ್ನು ಹಿಂದಕ್ಕೆ ವಾಲಿಸಿದ. ಹಿಂದೆ ಪಿಸುಗುಟ್ಟಲು ಯಾರೂ ಇರಲಿಲ್ಲ. ಹಾಗೇ ಸ್ವಲ್ಪ ಹೊತ್ತು ಕಾದ. "ಎಲ್ಲಿ ಹೋದ ಈ ಬಸವಂತಪ್ಪ? ಬೇಕಾದಾಗ ಇರಲ್ಲ."

ನಾನು ಅತ್ತದ್ದು ಅಲ್ಲಿ.

ದಾಕ್ಷಾಯಣಿಯ ಹತ್ತಿರ ಬಂದು "ದಾಕ್ಷಾಯಣೀ, ಕಾಫಿ ಆಯ್ತಾ?" ಎಂದ. "ಬಂದೆ ರೀ" ಎಂದು ಆಕೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಎದ್ದವರಿಗೆ ತಾವೆಲ್ಲಿದ್ದೇವೆಂದು ಗೊತ್ತಾಗಿ ಮತ್ತೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಪಕ್ಕದ ಕುರ್ಚಿಯಲ್ಲಿ ನಿಹಾರಿಕಾ. ಬಸವಂತಪ್ಪ ಅವಳ ಮುಂದೆ ಬಂದು ನಿಂತ. ಅವಳು ಕತ್ತೆತ್ತಿ ಅವನನ್ನು ನೋಡಿದಳು. ತನ್ನ ಸರದಿ ಬಂತೆಂದು ಕಾಯುತ್ತಿರುವವಳ ಮುಖ ಅದು. ಅವನು ಬಾಯಿ ತೆರೆದ. ಜೇಬಿನೊಳಗಿನ ಬೀಗದ ಕೈ ನಿಂತುಹೋಯಿತು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಆಮೇಲೆ ಅವನು ಪೆಟ್ಟಿಗೆಯ ಹತ್ತಿರ ಹೋಗಿ, ಕಾಲರಿನ ಕರವಸ್ತ್ರ ತೆಗೆದು ಮಡಿಸಿ ಅದರ ಮೇಲಿಟ್ಟು, ತನ್ನದೇ ನಡಿಗೆಯಲ್ಲಿ ಹೊರಗೆ ಹೋದ. ದುಃಖಕ್ಕೆ ಗಂಟಲು ಕಟ್ಟಿರಬೇಕು ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ.

ಮಣ್ಣು ಮುಗಿದ ಮೇಲೆ ಕಾರು ನಿಲ್ಲಿಸುವಲ್ಲಿಗೆ ನಿಹಾರಿಕಾ ಅವನನ್ನು ಹುಡುಕಿಕೊಂಡು ಬಂದಳು. ನಾನು ಪಕ್ಕದಲ್ಲೇ ಇದ್ದೆ.

"ಅಂಕಲ್, ಹೂ ವಾಸ್ ದಟ್?" ಎಂದಳು. ಯಾರು ಅದು?

"ಅಪ್ಪ ಅಲ್ವೇನಮ್ಮಾ."

ಅವಳು ತಲೆಯಾಡಿಸಿದಳು. "ಐ ನೆವರ್ ಮೆಟ್ ದಟ್ ಮ್ಯಾನ್." ಆ ಮನುಷ್ಯನನ್ನು ನಾನು ಯಾವತ್ತೂ ನೋಡೇ ಇಲ್ಲ ಎಂದಳು. ಆಗ ಅಳು ಒಡೆದು ಬಂತು. ಅಷ್ಟು ಜನರ ಜೊತೆ ನಗುತ್ತಿದ್ದ, ಬೈಯುತ್ತಿದ್ದ, ಕೀಟಲೆ ಮಾಡುತ್ತಿದ್ದ ಆ ಮನುಷ್ಯ ನಮ್ಮ ಮನೆಯಲ್ಲೇ ಇದ್ದನಲ್ಲ, ನನ್ನ ಜೊತೆ ಮಾತ್ರ ಯಾಕೆ ಹಾಗಿರಲಿಲ್ಲ, ನಾನೇನು ಮಾಡಿದ್ದೆ ಎಂದು ಇಂಗ್ಲಿಷಿನಲ್ಲಿ ಬಿಕ್ಕಿ ಬಿಕ್ಕಿ ಕೇಳಿದಳು. ಗಟ್ಟಿ ಹುಡುಗಿಯಂತೆ!

"ನೀನೇನೂ ಮಾಡಿಲ್ಲಮ್ಮಾ. ನಂಗೊತ್ತಿಲ್ಲ," ಎಂದ ಬಸವಂತಪ್ಪ. ಅವನ ಮುಖ ನೋಡಿಯೇ ಅವನಿಗೆ ಗೊತ್ತಿದೆ ಎಂದು ನನಗೆ ತಿಳಿಯಿತು.

ಏರ್‌ಪೋರ್ಟಿನಲ್ಲಿ ವಿಮಾನಕ್ಕೆ ಕಾಯುತ್ತ ಕೂತಾಗ ನಾನು ಬಿಡಲಿಲ್ಲ. ಅವನು ಹೇಳಿದ.

ನಾನಿನ್ನೂ ಪರ್ತ್‌ನಲ್ಲಿದ್ದ ಕಾಲದ ಮಾತು. ರೋಮನ್ನರಿಗೆ ಡಿಸೆಂಬರಿನಲ್ಲಿ ಸ್ಯಾಟರ್ನೇಲಿಯಾ ಎಂಬ ಹಬ್ಬ. ಆ ದಿನಗಳಲ್ಲಿ ಗುಲಾಮರು ಯಜಮಾನರನ್ನು ಬಾಯಿಗೆ ಬಂದಂತೆ ಹಾಸ್ಯ ಮಾಡಬಹುದು, ಯಾರೂ ಸಿಟ್ಟಾಗುವಂತಿಲ್ಲ. ಕೆಲವು ಮನೆಗಳಲ್ಲಿ ಯಜಮಾನರೇ ಅವರಿಗೆ ಬಡಿಸುತ್ತಿದ್ದರು. ಅದೃಷ್ಟದ ಆಟದಲ್ಲಿ ಒಬ್ಬನನ್ನು ಹಬ್ಬದ ರಾಜನನ್ನಾಗಿ ಆರಿಸುತ್ತಿದ್ದರು. ಈ ಹಬ್ಬವನ್ನು ಬಸವಂತಪ್ಪ ಈಶ್ವರಪ್ಪನವರ ಬ್ರಿಸ್ಬೇನಿನ ಹಿತ್ತಿಲಿಗೆ ತಂದ. ಬೆವರಿಳಿಯುವ ಡಿಸೆಂಬರ್ ಮಧ್ಯಾಹ್ನ, ಒಂದು ಬಾರ್ಬಿ, ಎಂದರೆ ಬಯಲಲ್ಲೇ ಕೆಂಡದ ಮೇಲೆ ಸುಟ್ಟು ತಿನ್ನುವ ಊಟ. ಮಕ್ಕಳು ಆಳುವವರು, ದೊಡ್ಡವರು ಆಳುಗಳು. ದಾಳ ಹಾಕಿದರೆ ಎಂಟು ವರ್ಷದ ನಿಹಾರಿಕಾ ರಾಣಿಯಾದಳು. ಬಸವಂತಪ್ಪನೇ ಹೊಲಿದು ತಂದಿದ್ದ ಕೆಂಪು ಟೋಪಿಯನ್ನು ಅವಳ ತಲೆಗಿಟ್ಟರು.

ಅಲ್ಲಿಯವರೆಗೆ ಅವಳು ಅಪ್ಪನ ಬಾಲ. ಅಪ್ಪ ಕನ್ನಡದಲ್ಲಿ ಕೀಟಲೆ ಮಾಡುವುದು, ಅವಳು ಇಂಗ್ಲಿಷಿನಲ್ಲಿ ತಿರುಗಿ ಬಯ್ಯುವುದು, ಇಬ್ಬರೂ ನಗುವುದು. ಬಸವಂತಪ್ಪ ತನ್ನ ಮಿಮಿಕ್ರಿ ಮುಗಿಸಿ "ಈಗ ರಾಣಿಯ ಸರದಿ. ಅಪ್ಪನ್ನ ಮಾಡ್ತೋರ್ಸು ಪುಟ್ಟಿ" ಎಂದ. ಅವಳು ಐಸ್ ಡಬ್ಬದ ಮೇಲೆ ಹತ್ತಿ ನಿಂತಳು. ಮೊದಲು ಅಪ್ಪ ಆಸ್ಪತ್ರೆಯ ಫೋನ್ ಎತ್ತಿಕೊಳ್ಳುವುದನ್ನು ಮಾಡಿದಳು. ಎಲ್ಲರೂ ನಕ್ಕರು. ಆಮೇಲೆ, ಫೋನ್ ಮಾಡುವ ಮೊದಲು ಅಪ್ಪ ಗ್ಯಾರೇಜಿನಲ್ಲಿ ಒಬ್ಬರೇ ನಿಂತು, ಹೇಳಬೇಕಾದ ಇಂಗ್ಲಿಷ್ ವಾಕ್ಯವನ್ನು ಪಿಸುದನಿಯಲ್ಲಿ ಮತ್ತೆ ಮತ್ತೆ ಹೇಳಿಕೊಂಡು, ತಪ್ಪಿದಾಗ ತಲೆ ಚಚ್ಚಿಕೊಂಡು, ಕರವಸ್ತ್ರದಿಂದ ಮುಖ ಒರೆಸಿಕೊಳ್ಳುವುದನ್ನು ಮಾಡಿ ತೋರಿಸಿದಳು. ಹಿತ್ತಿಲೇ ಬಿದ್ದುಹೋಗುವ ಹಾಗೆ ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಈಶ್ವರಪ್ಪನವರು. ಆಟದ ನಿಯಮ, ಸಿಟ್ಟಾಗುವಂತಿರಲಿಲ್ಲ.

ಸಂಜೆ ಬಾರ್ಬಿಯ ತಟ್ಟೆ ತಿಕ್ಕುತ್ತ ಅವರು ಬಸವಂತಪ್ಪನಿಗೆ ಹೇಳಿದರಂತೆ: "ಅವ್ಳು ನೋಡಿದಾಳೆ ಅಂತ ನಂಗೊತ್ತೇ ಇರ್ಲಿಲ್ಲ ಕಣಯ್ಯಾ. ಇನ್ಮೇಲೆ ಅವಳ ಮುಂದೆ ಬಾಯ್ಬಿಡಕ್ಕೇ ಹೆದ್ರಿಕೆ."

ತಮಾಷೆಗೆ ಹೇಳಿದ್ದು ಎಂದುಕೊಂಡ ಬಸವಂತಪ್ಪ. ಆದರೆ ಅಂದಿನಿಂದ ಈಶ್ವರಪ್ಪನವರು ಮಗಳ ಜೊತೆ ತಪ್ಪಿಲ್ಲದ, ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಮಾತ್ರ ಮಾತಾಡಿದರು. ಒಂದು ವಿಷಯ ನನಗೆ ದಾಕ್ಷಾಯಣಿ ಹೇಳಿದರು, ಅದರ ಅರ್ಥ ಅವರಿಗೂ ತಿಳಿದಿರಲಿಲ್ಲ. ಮಗಳು ಪರ್ತ್‌ಗೆ ಹೋದ ಮೇಲೆ, ಅವಳಿಗೆ ಫೋನ್ ಮಾಡುವ ಮುಂಚೆ ಡಾಕ್ಟರು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಕಾರಿನ ಟಯರಿನ ಬಗ್ಗೆ ಕೇಳುವುದಕ್ಕೆ!

"ಅವಳ ಮುಂದೆ ನಿಂತಾಗ ನನ್ನ ಹತ್ರ ಏನೂ ಇರ್ಲಿಲ್ಲ ಅಕ್ಕ," ಎಂದ ಬಸವಂತಪ್ಪ. "ಎಲ್ರಿಗೂ ಅವ್ರು ಆಡಿದ ಮಾತು ನನ್ನತ್ರ ಇತ್ತು. ಅವಳಿಗೆ ಆಡಿದ್ದು ಇರ್ಲಿಲ್ಲ. ಆಡದೇ ಇದ್ದದ್ದನ್ನ ಆಡಲ್ಲ ಅಂತ ಮಾತು ಕೊಟ್ಟಿದ್ದೆ."

"ಆ ಹಿತ್ತಲಿನ ವಿಷಯ ಅವಳಿಗೆ ನೆನಪಿಲ್ವಾ?"

"ಇಲ್ಲ. ಹೇಳಿದ್ರೆ ಜೀವನಪೂರ್ತಿ ಹೊತ್ಕೊಂಡ್ ತಿರುಗ್ತಾಳೆ. ಆಟ ಕಟ್ಟಿದ್ದು ನಾನು, ಟೋಪಿ ಹಾಕಿದ್ದು ನಾನು, ಮಾಡು ಅಂದಿದ್ದು ನಾನು."

ಅವತ್ತಿನಿಂದ ಅವನಿಗೆ ಗಂಟಲು ನೋವು. ಯಾರನ್ನಾದರೂ ಅನುಕರಿಸಲು ಬಾಯಿ ತೆರೆದರೆ ಐಸ್ ಡಬ್ಬದ ಮೇಲೆ ನಿಂತ ಆ ಮಗು ಕಣ್ಣಮುಂದೆ ಬರುತ್ತದಂತೆ. ಇದಕ್ಕೆ ನನ್ನ ಅಂಗಡಿಯಲ್ಲಿ ಸಿರಪ್ ಇಲ್ಲ. ಜಂಬ ಎನ್ನುವವರು ಇದನ್ನು ಓದಿಕೊಳ್ಳಲಿ.

ಇದನ್ನು ಬಸವಂತಪ್ಪನಿಗೆ ಹೇಳದೆ ಬರೆದಿದ್ದೇನೆ. ಸಿಟ್ಟಾದರೆ ಆಗಲಿ. ಮೊದಲು ನನಗೆ ಧೈರ್ಯ ಬಂದದ್ದು ನಿಹಾರಿಕಾಗೆ ಕನ್ನಡ ಓದಲು ಬರುವುದಿಲ್ಲ ಎಂಬ ಕಾರಣಕ್ಕೆ. ಈಗ ಆ ಧೈರ್ಯವೂ ಇಲ್ಲ. ಅವಳು ಪರ್ತ್‌ನಿಂದ ವಾರಕ್ಕೊಮ್ಮೆ ಬಸವಂತಪ್ಪನ ಹತ್ತಿರ ವಿಡಿಯೋದಲ್ಲಿ ಕನ್ನಡ ಕಲಿಯುತ್ತಿದ್ದಾಳೆ. ಆ ಮನುಷ್ಯನನ್ನು ಈಗಲಾದರೂ ಗುರುತು ಮಾಡಿಕೊಳ್ಳಬೇಕಂತೆ. ಅಪ್ಪನ ದನಿ ಒಂದು ಸಲ ಮಾಡಿ ಅಂಕಲ್ ಎನ್ನುತ್ತಾಳಂತೆ. ಅವನು ಗಂಟಲು ಸರಿಯಿಲ್ಲ ಎನ್ನುತ್ತಾನೆ. ಕಾಗುಣಿತ ಮುಗಿಯಿತು, ಒತ್ತಕ್ಷರ ನಡೆಯುತ್ತಿದೆ. ಇನ್ನು ಸ್ವಲ್ಪ ದಿನಕ್ಕೆ ಅವಳು ಇದನ್ನು ಓದುತ್ತಾಳೆ.

ಓದು ನಿಹಾರಿಕಾ. ನಿನಗೆ ಆಗ ಎಂಟು ವರ್ಷ. ನಿಯಮ ಮಾಡಿದವರು, ನಕ್ಕವರು ಎಲ್ಲ ದೊಡ್ಡವರೇ. ಆ ಸಂಜೆ ತಟ್ಟೆ ತಿಕ್ಕುತ್ತ ನಿಮ್ಮಪ್ಪ ಇನ್ನೊಂದು ಮಾತನ್ನೂ ಹೇಳಿದ್ದರು. ಬಸವಂತಪ್ಪ ಅದನ್ನು ನನಗೆ ಏರ್‌ಪೋರ್ಟಿನಲ್ಲಿ ಅವರದೇ ದನಿಯಲ್ಲಿ ಹೇಳಿದ, ಆ ದನಿ ಕೇಳಿದ್ದು ಅದೇ ಕೊನೆ. ಅದು ನಿನಗೆ ಆಡಿದ ಮಾತಲ್ಲ, ಆದರೆ ನಿನ್ನದೇ.

"ಎಷ್ಟು ಚೆನ್ನಾಗ್ ಮಾಡಿದ್ಲು ನೋಡ್ದ್ಯಾ ನನ್ ಮಗ್ಳು! ನಿನಗಿಂತ ಚೆನ್ನಾಗ್ ಮಾಡಿದ್ಲು ಕಣಯ್ಯಾ."